‘ಜಾತಿ ಅಡ್ಡಿಯಿಲ್ಲ’ ಗುಂಡಿ ಎಷ್ಟು ಕೆಲಸ ಮಾಡುತ್ತದೆ? ಸಿಖ್ ವಧೂವರ ತಾಣಗಳ ವಿಮರ್ಶೆ, ಕೊಡಗಿನ ಮನೆಗಳಿಗಾಗಿ

ಮೊದಲು ತೀರ್ಪು: ಐದಕ್ಕೆ ಎರಡೂವರೆ. ಹುಡುಕಾಟ ಚುರುಕಾಗಿದೆ, ಫೋಟೊ ಬೇಕಾದವರಿಗೆ ಮಾತ್ರ ತೋರಿಸುವ ಅನುಕೂಲವಿದೆ, ಗುರುತಿನ ಚೀಟಿಯ ಪರಿಶೀಲನೆ ಮೊದಲಿಗಿಂತ ವಾಸಿ. ಅಂಕ ಹೋದದ್ದೆಲ್ಲ ಒಂದೇ ಕಡೆ. ಧರ್ಮದ ಜಾಗದಲ್ಲಿ ‘ಸಿಖ್’ ಎಂದು ಒತ್ತಿದ ಕೂಡಲೇ ಕೆಳಗೆ ಬಿಚ್ಚಿಕೊಳ್ಳುವ ‘ಜಾತಿ/ಸಮುದಾಯ’ ಪಟ್ಟಿಯಲ್ಲಿ ಮತ್ತು ಅದರ ಪಕ್ಕದ ‘ಜಾತಿ ಅಡ್ಡಿಯಿಲ್ಲ’ ಎಂಬ ಪುಟ್ಟ ಚೌಕದಲ್ಲಿ.

ಯಾವ ತಾಣದ ಹೆಸರನ್ನೂ ಇಲ್ಲಿ ತೆಗೆಯುತ್ತಿಲ್ಲ. ದೊಡ್ಡವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಬಣ್ಣ ಬೇರೆ ಅಷ್ಟೆ. ಕೊಡಗಿನವರಿಗೆ ಈ ವಿಮರ್ಶೆ ಏಕೆ ಎಂದರೆ, ಸಿಖ್ಖರ ಜೊತೆಗಿನ ನಮ್ಮ ಪರಿಚಯ ಹಳೆಯದು ಮತ್ತು ಅದು ಬಹುಪಾಲು ಸೇನೆಯ ದಾರಿಯಲ್ಲಿ ಬಂದದ್ದು. ಒಂದೇ ಮೆಸ್ಸಿನಲ್ಲಿ ಉಂಡವರ ಮಕ್ಕಳು ಈಗ ಬೆಂಗಳೂರಿನ ಐಟಿ ಕಂಪನಿಯಲ್ಲೋ ಕೆನಡಾದಲ್ಲೋ ಅಕ್ಕಪಕ್ಕ ಕೂತು ದುಡಿಯುತ್ತಾರೆ. ಸಂಬಂಧದ ಮಾತು ಬಂದಾಗ ಗೋಣಿಕೊಪ್ಪದ ಮನೆಯವರು ಸಾಮಾನ್ಯವಾಗಿ ಹೇಳುವುದು ಹೀಗೆ: ‘ಸಿಖ್ಖರಲ್ಲಿ ಜಾತಿ ಇಲ್ಲವಲ್ಲ, ಒಳ್ಳೆಯದೇ ಆಯಿತು.’ ಈ ಮಾತು ಧರ್ಮಗ್ರಂಥದ ಮಟ್ಟಿಗೆ ಸರಿ. ಫಾರ್ಮ್ ತುಂಬಿಸಲು ಕೂತಾಗ ನಿಲ್ಲುವುದಿಲ್ಲ.

ಪಟ್ಟಿಯಲ್ಲಿ ಏನಿದೆ

ಸಾಮಾನ್ಯವಾಗಿ ಕಾಣುವ ಹೆಸರುಗಳು ಇವು: ಜಟ್, ಖತ್ರಿ, ಅರೋರಾ, ರಾಮ್‌ಗಢಿಯಾ, ಅಹ್ಲುವಾಲಿಯಾ, ಸೈನಿ, ಕಾಂಬೋಜ್, ಲಬಾನಾ, ರಾಮದಾಸಿಯಾ, ರವಿದಾಸಿಯಾ, ಮಜ್ಹಬಿ. ಇವುಗಳ ನಡುವೆಯೇ ಕೆಲವು ತಾಣಗಳು ‘ಗುರ್‌ಸಿಖ್’, ‘ಕೇಶಧಾರಿ’, ‘ಕ್ಲೀನ್ ಶೇವನ್’ ಎಂಬುದನ್ನೂ ತುರುಕಿವೆ. ಗಡ್ಡ ಬೋಳಿಸಿದವರದೇ ಒಂದು ಜಾತಿ ಎಂದು ತೀರ್ಮಾನಿಸಿದ ಪುಣ್ಯಾತ್ಮ ಯಾರೋ! ಇದರಿಂದ ಬಳಕೆದಾರರಿಗೆ ನಿಜವಾದ ತೊಂದರೆಯೂ ಇದೆ. ‘ಕೇಶಧಾರಿ’ ಎಂದು ಆರಿಸಿದವರ ಜಾತಿ ಕಾಣುವುದಿಲ್ಲ, ‘ಜಟ್’ ಎಂದು ಆರಿಸಿದವರು ಕೇಶ ಬಿಟ್ಟಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಲು ಆಗದು, ಏಕೆಂದರೆ ಪಟ್ಟಿಯಲ್ಲಿ ಒಂದನ್ನೇ ಆರಿಸಬೇಕು.

ಹೆಸರುಗಳ ಹಿಂದಿನ ಅರ್ಥ ಗೊತ್ತಿಲ್ಲದೆ ಈ ಪಟ್ಟಿ ಓದಿದರೆ ಪ್ರಯೋಜನವಿಲ್ಲ. ಜಟ್ಟರು ಭೂಮಿ ಉಳ್ಳ ರೈತರು. ಪಂಜಾಬಿನ ಹಳ್ಳಿ, ರಾಜಕೀಯ, ಗುರುದ್ವಾರ ಸಮಿತಿಗಳಲ್ಲಿ ಅವರದೇ ಮೇಲುಗೈ. ಖತ್ರಿ, ಅರೋರಾ ವ್ಯಾಪಾರದ, ಪಟ್ಟಣದ ಸಮುದಾಯಗಳು. ಹತ್ತು ಗುರುಗಳೂ ಖತ್ರಿ ಮನೆತನಗಳಲ್ಲೇ ಹುಟ್ಟಿದವರು: ಬೇಡಿ, ತ್ರೇಹನ್, ಭಲ್ಲಾ, ಸೋಢಿ. ರಾಮ್‌ಗಢಿಯಾ ಎಂದರೆ ಮೂಲದಲ್ಲಿ ಬಡಗಿ, ಕಮ್ಮಾರರು. ಹೆಸರು 18ನೇ ಶತಮಾನದ ಜಸ್ಸಾ ಸಿಂಗ್ ರಾಮ್‌ಗಢಿಯಾನಿಂದ ಬಂತು. ರಾಷ್ಟ್ರಪತಿಯಾಗಿದ್ದ ಜ್ಞಾನಿ ಜೈಲ್ ಸಿಂಗ್ ಈ ಸಮುದಾಯದವರು. ಅಹ್ಲುವಾಲಿಯಾ ಎಂಬುದು ಸಾರಾಯಿ ಭಟ್ಟಿಯ ಕಲಾಲರು ಎತ್ತಿಕೊಂಡ ಹೆಸರು. ಸೈನಿ, ಕಾಂಬೋಜರು ಕೃಷಿಕರು. ರಾಮದಾಸಿಯಾಗಳು ನೇಕಾರಿಕೆಗೆ ಬಂದವರು, ರವಿದಾಸಿಯಾಗಳದು ಚರ್ಮದ ಕಸುಬಿನ ಮೂಲ, ಮಜ್ಹಬಿಗಳದು ಜಾಡಮಾಲಿ ಕೆಲಸಕ್ಕೆ ತಳ್ಳಲ್ಪಟ್ಟ ಮೂಲ. ಈ ಕೊನೆಯ ಮೂರೂ ಪರಿಶಿಷ್ಟ ಜಾತಿಯವು.

ಮಜ್ಹಬಿಗಳ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. 1675ರಲ್ಲಿ ದೆಹಲಿಯಲ್ಲಿ ಒಂಬತ್ತನೇ ಗುರು ತೇಗ್ ಬಹಾದೂರರ ತಲೆ ಕಡಿದಾಗ, ಆ ಶಿರಸ್ಸನ್ನು ಆನಂದಪುರಕ್ಕೆ ಹೊತ್ತು ತಂದವನು ಇದೇ ಸಮುದಾಯದ ಭಾಯಿ ಜೈತಾ. ‘ರಂಘ್ರೇಟೆ ಗುರು ಕೇ ಬೇಟೆ’, ಅಂದರೆ ಈ ಕುಲದವರು ಗುರುವಿನ ಮಕ್ಕಳು ಎಂದು ಗುರು ಗೋಬಿಂದ ಸಿಂಗರು ಅವನನ್ನು ಅಪ್ಪಿಕೊಂಡರು ಎಂದು ಸಿಖ್ ಪರಂಪರೆ ಹೇಳುತ್ತದೆ. ಅದೇ ಪರಂಪರೆಯವರ ಮದುವೆಯ ಫಾರ್ಮಿನಲ್ಲಿ ಆ ಮಕ್ಕಳ ವಂಶಸ್ಥರಿಗೆ ಬೇರೆ ಸಾಲು.

ಗ್ರಂಥ ಒಂದು ಹೇಳಿ ಫಾರ್ಮ್ ಇನ್ನೊಂದು ಕೇಳುವುದು ಏಕೆ

‘ಜಾಣಹು ಜೋತಿ ನ ಪೂಛಹು ಜಾತೀ, ಆಗೈ ಜಾತಿ ನ ಹೇ’ ಎಂದರು ಗುರು ನಾನಕರು. ಒಳಗಿನ ಜ್ಯೋತಿಯನ್ನು ನೋಡು, ಜಾತಿ ಕೇಳಬೇಡ. ಮುಂದಿನ ಲೋಕದಲ್ಲಿ ಜಾತಿಯಿಲ್ಲ. ಗುರು ಗ್ರಂಥ ಸಾಹಿಬ್‌ನಲ್ಲಿ ನೇಕಾರ ಕಬೀರ, ಚರ್ಮಕಾರ ರವಿದಾಸ, ಸಿಂಪಿಗ ನಾಮದೇವ, ಕ್ಷೌರಿಕ ಸೈಣ, ಕಟುಕ ಸಧನಾ ಎಲ್ಲರ ಪದಗಳೂ ಇವೆ. ಗ್ರಂಥಕ್ಕೆ ತಲೆಬಾಗುವ ಜಟ್ಟನೂ ಖತ್ರಿಯೂ ಅವುಗಳಿಗೂ ಬಾಗಿದಂತೆಯೇ. ವಚನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಇದು ಹೊಸತೆನಿಸದು. 1699ರ ವೈಶಾಖಿಯಂದು ಗುರು ಗೋಬಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬ ಖತ್ರಿ, ಒಬ್ಬ ಜಟ್, ಒಬ್ಬ ನೀರು ಹೊರುವವ, ಒಬ್ಬ ಬಟ್ಟೆಯ ಕಸುಬಿನವ, ಐದನೆಯವ ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ್, ಆಮೇಲೆ ಭಾಯಿ ಸಾಹಿಬ್ ಸಿಂಗ್. ಐವರೂ ಒಂದೇ ಬಟ್ಟಲಿನಿಂದ ದೀಕ್ಷೆಯ ಅಮೃತ ಕುಡಿದರು.

ಗುರುಗಳು ಒಡೆದದ್ದು ಊಟದ ಸಾಲಿನ ಜಾತಿ, ದೀಕ್ಷೆಯ ಜಾತಿ, ಪ್ರಾರ್ಥನೆಯ ಜಾತಿ. ಮದುವೆಯ ಸುತ್ತ ಇದ್ದ ಬೇಲಿ ಹಾಗೇ ಉಳಿಯಿತು. ಗುರುಮನೆತನಗಳ ಮದುವೆಗಳೇ ಖತ್ರಿಗಳ ಒಳಗೆ ನಡೆದವು. 1945ರಲ್ಲಿ ಅಂತಿಮ ರೂಪ ಪಡೆದ ಸಿಖ್ ರೆಹತ್ ಮರ್ಯಾದಾ, ಅಂದರೆ ಸಮುದಾಯದ ನಡವಳಿಕೆಯ ಕಟ್ಟಳೆ, ಜಾತಿ ಕುಲ ನೋಡದೆ ಮದುವೆಯಾಗಬೇಕು ಎಂದು ನೇರವಾಗಿಯೇ ಹೇಳುತ್ತದೆ. ಅದನ್ನು ಮೀರಿದವರನ್ನು ಗುರುದ್ವಾರ ಹೊರಗೆ ನಿಲ್ಲಿಸುವುದಿಲ್ಲ. ದಂಡವಿಲ್ಲದ ಕಟ್ಟಳೆಗೆ ಏನಾಗುತ್ತದೋ ಅದೇ ಆಗಿದೆ.

ಊಟ, ಪ್ರಾರ್ಥನೆಯಲ್ಲೂ ಎಲ್ಲವೂ ಸಲೀಸಾಗಿರಲಿಲ್ಲ. ದಲಿತ ಸಿಖ್ಖರು ತಂದ ಕಡಾಹ್ ಪ್ರಸಾದವನ್ನು ಅಮೃತಸರದ ಸ್ವರ್ಣಮಂದಿರ, ಅಂದರೆ ಹರ್‌ಮಂದಿರ್ ಸಾಹಿಬ್‌ನ ಅರ್ಚಕರು ಮುಟ್ಟುತ್ತಿರಲಿಲ್ಲ. 1920ರ ಅಕ್ಟೋಬರ್ 12ರಂದು ಆ ದಲಿತ ಸಿಖ್ಖರು ಪ್ರಸಾದ ತಂದೇ ತಂದರು. ವಾಗ್ವಾದವಾಯಿತು. ಕೊನೆಗೆ ಗ್ರಂಥ ತೆರೆದಾಗ ಬಂದ ಪದ, ಗುಣವಿಲ್ಲದವರನ್ನೂ ಅವನೇ ಕ್ಷಮಿಸಿ ಸೇರಿಸಿಕೊಳ್ಳುತ್ತಾನೆ ಎಂಬ ಗುರು ಅಮರದಾಸರ ಸಾಲು. ಪ್ರಸಾದ ಸ್ವೀಕಾರವಾಯಿತು. ಅಲ್ಲಿಂದ ಅದೇ ಗುಂಪು ಸಿಖ್ಖರ ಪರಮೋಚ್ಚ ಪೀಠವಾದ ಅಕಾಲ್ ತಖ್ತ್‌ಗೆ ಹೋದಾಗ ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಓಡಿದರು. ಅದೇ ನವೆಂಬರಿನಲ್ಲಿ ಗುರುದ್ವಾರಗಳ ಆಡಳಿತ ನೋಡುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಇಷ್ಟೆಲ್ಲ ಆಗಿಯೂ ಪಂಜಾಬಿನ ಹಲವು ಹಳ್ಳಿಗಳಲ್ಲಿ ಇಂದಿಗೂ ಜಾತಿಗೊಂದು ಗುರುದ್ವಾರ, ಜಾತಿಗೊಂದು ಸ್ಮಶಾನ. 2003ರಲ್ಲಿ ಜಲಂಧರ್ ಬಳಿಯ ತಲ್ಹಣ್‌ನಲ್ಲಿ ಜಟ್ಟರಿಗೂ ದಲಿತರಿಗೂ ಜಗಳ ಹೊತ್ತಿಕೊಂಡದ್ದು ಒಂದು ಸಮಾಧಿಮಂದಿರದ ಆಡಳಿತ ಸಮಿತಿಯಲ್ಲಿ ಪಾಲು ಕೇಳಿದ್ದಕ್ಕೆ. ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 2011ರ ಗಣತಿಯಂತೆ ಶೇ. 31.9, ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ವಧೂವರ ತಾಣದಲ್ಲಿ ಈ ಮೂರನೇ ಒಂದು ಪಾಲು ಜನ ಯಾರ ಹುಡುಕಾಟದಲ್ಲಿ ಬರುತ್ತಾರೆ, ಯಾರದರಲ್ಲಿ ಬರುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಫಿಲ್ಟರ್.

ಫಿಲ್ಟರ್ ನಡೆಯುವ ಬಗೆ

ಗುಂಡಿಯ ಹೆಸರು ಕೇಳಿದರೆ ಅದು ಬಾಗಿಲು ತೆರೆಯುತ್ತದೆ ಅನ್ನಿಸುತ್ತದೆ. ತೆರೆಯುವುದು ನಿಮ್ಮ ಕಡೆಯ ಬಾಗಿಲು ಮಾತ್ರ. ‘ಜಾತಿ ಅಡ್ಡಿಯಿಲ್ಲ’ ಎಂದು ಗುರುತು ಹಾಕಿದರೆ ನಿಮಗೆ ಎಲ್ಲ ಸಮುದಾಯದವರೂ ಕಾಣುತ್ತಾರೆ. ಆದರೆ ಎದುರಿನವರು ‘ಸಂಗಾತಿಯ ಆಯ್ಕೆ’ ಪುಟದಲ್ಲಿ ‘ಜಟ್ ಮಾತ್ರ’ ಎಂದು ಹಾಕಿ, ಅದನ್ನು ಕಡ್ಡಾಯ ಎಂದು ಬಿಗಿ ಮಾಡಿದ್ದರೆ, ನೀವು ಕಳಿಸಿದ ಕೋರಿಕೆ ಅವರ ಮುಖ್ಯ ಪೆಟ್ಟಿಗೆಗೆ ಹೋಗದೆ ಶೋಧಿಸಿದವುಗಳ ಬದಿಯ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ತೆರೆದು ನೋಡುವವರು ಕಡಿಮೆ. ಹಣ ಕಟ್ಟಿ ಕೋರಿಕೆಗಳ ಸಂಖ್ಯೆ ಏರಿಸಿದರೂ ಉತ್ತರ ಬಾರದಿರುವುದಕ್ಕೆ ಅನೇಕ ಸಲ ಇದೇ ಕಾರಣ. ಪಾವತಿ ಪ್ಯಾಕ್ ಕೊಡುವುದು ಫೋನ್ ನಂಬರನ್ನು, ಎದುರಿನವರ ಫಿಲ್ಟರ್ ದಾಟುವ ಅಧಿಕಾರವನ್ನಲ್ಲ. ಮಾರಾಟದ ಹುಡುಗರು ಫೋನಿನಲ್ಲಿ ಇದನ್ನು ಹೇಳುವುದಿಲ್ಲ.

ಎರಡನೆಯ ಕೊರತೆ ಇನ್ನೂ ಮೆಲ್ಲಗಿನದು. ನೋಂದಣಿ ಮುಗಿದ ಕೂಡಲೇ ಹಲವು ತಾಣಗಳು ಸಂಗಾತಿಯ ಆಯ್ಕೆಯನ್ನು ತಾವೇ ತುಂಬಿಬಿಡುತ್ತವೆ: ನಿಮ್ಮದೇ ಧರ್ಮ, ನಿಮ್ಮದೇ ಜಾತಿ, ನಿಮ್ಮದೇ ಮಾತೃಭಾಷೆ. ಇದನ್ನು ತಿದ್ದದೆ ಬಿಡುವವರೇ ಹೆಚ್ಚು. ಅಂದರೆ ಲೂಧಿಯಾನದ ಒಬ್ಬ ರಾಮ್‌ಗಢಿಯಾ ಹುಡುಗಿ ಜಾತಿಯ ಬಗ್ಗೆ ಏನೂ ಯೋಚಿಸದೆ ಫಾರ್ಮ್ ತುಂಬಿದರೂ ಅವಳ ಪರವಾಗಿ ತಾಣವೇ ‘ರಾಮ್‌ಗಢಿಯಾ ಮಾತ್ರ’ ಎಂದು ಬರೆದುಕೊಂಡಿರುತ್ತದೆ. ಹಳೆಯ ಪಂಜಾಬಿನಲ್ಲಿ ವಿಚೋಲಾ, ಅಂದರೆ ಸಂಬಂಧ ಕೂಡಿಸುವ ಮಧ್ಯಸ್ಥ, ಮಾಡುತ್ತಿದ್ದ ಕೆಲಸವೇ ಇದು. ಅವನಾದರೆ ‘ಜಾತಿ ಬೇರೆ ಆದರೂ ಹುಡುಗ ಒಳ್ಳೆಯವನು’ ಎಂದು ಒಮ್ಮೆಯಾದರೂ ಬಾಯಿ ಬಿಡುತ್ತಿದ್ದ.

ಕೊಡಗಿನವರು ನೋಂದಾಯಿಸುವಾಗ ಮಾಡಬೇಕಾದ್ದು: ಧರ್ಮ ‘ಹಿಂದೂ’, ಸಮುದಾಯದಲ್ಲಿ ಕೊಡವ, ಅರೆಭಾಷೆ ಗೌಡ ಇತ್ಯಾದಿ ನಿಮ್ಮದು ಯಾವುದೋ ಅದು, ಕೆಲವೆಡೆ ಕೊಡವ ಎಂಬುದು ‘ಕೂರ್ಗ್’ ಹೆಸರಲ್ಲಿ ಅಡಗಿರುತ್ತದೆ, ಇಂಗ್ಲಿಷ್ ಅಕ್ಷರ ‘ಸಿ’ ಒತ್ತಿ ಹುಡುಕಿ. ನಂತರ ಸೀದಾ ಸಂಗಾತಿಯ ಆಯ್ಕೆಗೆ ಹೋಗಿ. ಧರ್ಮದಲ್ಲಿ ಹಿಂದೂ ಜೊತೆಗೆ ಸಿಖ್ ಸೇರಿಸಿ. ಮಾತೃಭಾಷೆಯಲ್ಲಿ ಪಂಜಾಬಿ ಸೇರಿಸಿ. ಇದನ್ನು ಮರೆತರೆ ಮೇಲಿನ ತಿದ್ದುಪಡಿಯೆಲ್ಲ ವ್ಯರ್ಥ, ಏಕೆಂದರೆ ಭಾಷೆಯ ಫಿಲ್ಟರೇ ಪಂಜಾಬನ್ನು ಪೂರ್ತಿ ಅಳಿಸಿಹಾಕುತ್ತದೆ. ಜಾತಿಯಲ್ಲಿ ‘ಎಲ್ಲವೂ’ ಇಡಿ. ಗೋತ್ರದ ಜಾಗ ಖಾಲಿ ಬಿಡಿ, ಅಥವಾ ಒಕ್ಕದ ಹೆಸರನ್ನು ಪರಿಚಯದ ಪ್ಯಾರಾದಲ್ಲಿ ಬರೆಯಿರಿ. ಸೇವ್ ಮಾಡಿ ಹೊರಬಂದು ಮತ್ತೆ ತೆರೆದು ನೋಡಿ. ಆಯ್ಕೆ ಹಿಂದಿನಂತೆಯೇ ಉಳಿದಿದ್ದರೆ ಮೊಬೈಲ್ ಬಿಟ್ಟು ಕಂಪ್ಯೂಟರಿನಲ್ಲಿ ತಿದ್ದಿ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆಯಿಂದ ಈ ಕೆಲಸಕ್ಕೆ ಕೂರಬೇಡಿ. ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ, ಮೂರ್ನಾಲ್ಕು ಸಲ ಕೇಳಿದರೆ ಖಾತೆಗೆ ತಾತ್ಕಾಲಿಕ ಬೀಗ ಬೀಳುತ್ತದೆ.

ಕುಲನಾಮ, ರೆಜಿಮೆಂಟ್, ಕಿಲ್ಲೆ

ಜಾತಿಯ ಅಂಕಣ ಖಾಲಿ ಇದ್ದರೂ ಪ್ರೊಫೈಲ್ ಮಾತಾಡುತ್ತದೆ. ಸಿಂಗ್, ಕೌರ್ ಎಂಬ ಹೆಸರುಗಳ ಉದ್ದೇಶವೇ ಕುಲನಾಮ ಅಳಿಸುವುದಾಗಿತ್ತು. ಈಗ ಅದರ ಹಿಂದೆ ಸಂಧು, ಧಿಲ್ಲೋಂ, ಗ್ರೆವಾಲ್, ಬ್ರಾರ್ ಎಂದು ಬಂದರೆ ಜಟ್, ಚಾವ್ಲಾ, ಅಹುಜಾ ಎಂದರೆ ಅರೋರಾ, ವಿರ್ದಿ, ಮಠಾರು ಎಂದರೆ ರಾಮ್‌ಗಢಿಯಾ ಎಂದು ಪಂಜಾಬಿಗಳು ಕಣ್ಣುಮುಚ್ಚಿ ಹೇಳುತ್ತಾರೆ. ಅಜ್ಜಮಾಡ, ಕೋಡಂದೇರ ಎಂದ ಕೂಡಲೇ ನಮ್ಮವರಿಗೆ ಊರು, ನಾಡು, ಐನ್‌ಮನೆ ಎಲ್ಲ ಹೊಳೆದಂತೆ. ಆದರೆ ಈ ಓದು ತಪ್ಪುವುದೂ ಉಂಟು. ಗಿಲ್ ಎಂಬುದು ಜಟ್ಟರಲ್ಲೂ ಇದೆ, ಮಜ್ಹಬಿಗಳಲ್ಲೂ ಇದೆ. ಬರಿಯ ‘ಸಿಂಗ್’ ಎಂದಿರುವವರಲ್ಲಿ ಗುರುಗಳ ಮಾತಿಗೆ ಕುಲನಾಮ ಬಿಟ್ಟವರೂ ಇರುತ್ತಾರೆ, ಜಾತಿ ಪತ್ತೆಯಾಗದಿರಲಿ ಎಂದು ಬಿಟ್ಟವರೂ ಇರುತ್ತಾರೆ. ಕುಲನಾಮ ಏಕಿಲ್ಲ ಎಂದು ಮೊದಲ ಕರೆಯಲ್ಲೇ ಕೇಳುವುದು ಅಸಭ್ಯ.

ಕೊಡಗಿನವರು ಎಡವುವ ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಫೌಜಿ ಮನೆ ಎಂದು ತಿಳಿದ ಕೂಡಲೇ ‘ಯಾವ ರೆಜಿಮೆಂಟ್?’ ಎಂದು ನಮ್ಮವರ ಬಾಯಿಗೆ ತಾನಾಗಿ ಬರುತ್ತದೆ. ನಮಗೆ ಅದು ಕುಶಲ ವಿಚಾರಿಸಿದಷ್ಟೇ ಸಹಜ. ಅಲ್ಲಿ ಅದು ಜಾತಿ ಕೇಳಿದಂತೆ. ಸಿಖ್ ರೆಜಿಮೆಂಟಿನ ಜವಾನರು ಸಾಂಪ್ರದಾಯಿಕವಾಗಿ ಜಟ್ ಸಿಖ್ಖರು. ಸಿಖ್ ಲೈಟ್ ಇನ್‌ಫೆಂಟ್ರಿ ಮಜ್ಹಬಿ ಮತ್ತು ರಾಮದಾಸಿಯಾಗಳದು; 1941ರಲ್ಲಿ ಅದನ್ನು ಕಟ್ಟಿದಾಗ ಹೆಸರೇ ‘ಮಜ್ಹಬಿ ಮತ್ತು ರಾಮದಾಸಿಯಾ ಸಿಖ್ ರೆಜಿಮೆಂಟ್’ ಎಂದಿತ್ತು, 1944ರಲ್ಲಿ ಬದಲಾಯಿತು. ಅದಕ್ಕೂ ಮೊದಲು ಮಜ್ಹಬಿಗಳ ಸಿಖ್ ಪಯನೀರ್ಸ್ ಪಲ್ಟನ್‌ಗಳಿದ್ದವು, 1930ರ ದಶಕದ ಆರಂಭದಲ್ಲಿ ಅವನ್ನು ವಿಸರ್ಜಿಸಲಾಯಿತು. ಹಾಗಾಗಿ ‘ತಾತ ಸಿಖ್ ಎಲ್‌ಐನಲ್ಲಿ ಸುಬೇದಾರ್’ ಎಂಬ ಒಂದು ಸಾಲು ಪ್ರೊಫೈಲಿನಲ್ಲಿದ್ದರೆ ಪಂಜಾಬಿನ ಓದುಗರಿಗೆ ಜಾತಿಯ ಅಂಕಣವೇ ಬೇಕಿಲ್ಲ. ಅಧಿಕಾರಿಗಳ ವಿಷಯ ಬೇರೆ. ಅವರು ಯಾವ ಸಮುದಾಯದವರೂ ಆಗಿರಬಹುದು.

ಜಮೀನಿನ ಅಂಕಣದಲ್ಲಿ ‘10 ಕಿಲ್ಲೆ’ ಎಂದಿದ್ದರೆ 10 ಎಕರೆ ಎಂದು ಓದಿಕೊಳ್ಳಿ. ಒಂದು ಕಿಲ್ಲೆಗೆ 8 ಕನಾಲ್, ಒಂದು ಕನಾಲಿಗೆ 20 ಮರ್ಲಾ. ಜಟ್ ಪ್ರೊಫೈಲ್‌ಗಳಲ್ಲಿ ಇದು ಸಂಬಳದಷ್ಟೇ ಮುಖ್ಯ. ನಮ್ಮಲ್ಲಿ ‘ತೋಟ ಎಷ್ಟು ಎಕರೆ’ ಎಂದು ಕೇಳುವ ಮನೆಗಳಿಗೆ ವಿವರಿಸಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಮ್ಮಲ್ಲಿ ಸೋದರಮಾವನ, ಸೋದರತ್ತೆಯ ಮಕ್ಕಳ ನಡುವೆ ಮದುವೆ ನಡೆಯುತ್ತದೆ, ಒಂದೇ ಒಕ್ಕದೊಳಗೆ ನಡೆಯುವುದಿಲ್ಲ. ಜಟ್ಟರಲ್ಲಿ ಸ್ವಂತ ಗೋತ್ (ಗೋತ್ರ), ತಾಯಿಯ ಗೋತ್ ಎರಡೂ ವರ್ಜ್ಯ, ಸೋದರಸಂಬಂಧಿ ಮದುವೆ ಕೇಳಿಯೇ ಬೆಚ್ಚಿಬೀಳುತ್ತಾರೆ. ಮನೆಯ ಮದುವೆಗಳ ಕಥೆ ಹೇಳುವಾಗ ಜೋಪಾನ.

ಕೊಡಗಿನ ಹುಡುಗನಿಗೆ ‘ಹೂಂ’ ಸಿಕ್ಕರೆ

ಕೊಡವ ಪ್ರೊಫೈಲಿಗೆ ಜಟ್ ಅಥವಾ ಖತ್ರಿ ಮನೆಗಳಿಂದ ಒಪ್ಪಿಗೆಯ ಉತ್ತರ ಬರುವುದು ಅಪರೂಪವೇನಲ್ಲ. ಸೇನೆಯ ಹಿನ್ನೆಲೆ, ತೋಟ, ಇಂಗ್ಲಿಷ್ ಓದು, ಮಾಂಸಾಹಾರ, ಪಾರ್ಟಿಯಲ್ಲಿ ಒಂದೆರಡು ಪೆಗ್‌ಗೆ ಮುಖ ಕಿವಿಚದ ಮನೆ, ಇಷ್ಟು ಹೊಂದಿದರೆ ಮಾತು ಮುಂದುವರಿಯುತ್ತದೆ. ಇದನ್ನು ನೋಡಿ ‘ನಿಜಕ್ಕೂ ಅವರಲ್ಲಿ ಜಾತಿ ಇಲ್ಲ’ ಎಂದು ಷರಾ ಬರೆಯುವವರು ಲೆಕ್ಕ ತಪ್ಪುತ್ತಾರೆ. ದೂರದ ಕೊಡಗಿನವರು ಅವರ ಹಳ್ಳಿಯ ಮೇಲುಕೀಳಿನ ಏಣಿಯ ಮೇಲೆ ಎಲ್ಲೂ ಇಲ್ಲ, ಅದಕ್ಕೇ ಅಡ್ಡಿಯಾಗಲಿಲ್ಲ. ಅದೇ ಮನೆಯ ಆಯ್ಕೆ ಪುಟದಲ್ಲಿ ಧರ್ಮ ‘ಹಿಂದೂ, ಸಿಖ್’ ಎಂದು ಸಡಿಲವಾಗಿದ್ದು, ಸಿಖ್ಖರ ಒಳಗಿನ ಪಟ್ಟಿಯಲ್ಲಿ ಮಾತ್ರ ಮಜ್ಹಬಿ, ರಾಮದಾಸಿಯಾ ಬಿಟ್ಟುಹೋಗಿರಬಹುದು. ಸ್ವಂತ ಗುರುಗಳ ಅಮೃತ ಕುಡಿದವನಿಗಿಂತ ಕಾವೇರಿಯ ಮಗ ಹತ್ತಿರದವನಾಗುತ್ತಾನೆ! ‘ಜಾತಿ ಅಡ್ಡಿಯಿಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿ ಕೆಳಗೆ ‘ಎಸ್‌ಸಿ, ಎಸ್‌ಟಿ ಕ್ಷಮಿಸಿ’ ಎಂದು ಸೇರಿಸುವುದು ಭಾರತದ ಎಲ್ಲ ಭಾಷೆಯ ವಧೂವರ ಅಂಕಣಗಳಿಗೂ ಪರಿಚಿತವಾದ ವರಸೆ.

ನಮ್ಮ ಕಡೆಯ ಫಾರ್ಮನ್ನೂ ಇದೇ ಕಣ್ಣಿನಿಂದ ನೋಡಬಹುದು. ಚಂಡೀಗಢದ ರಾಮದಾಸಿಯಾ ಎಂಜಿನಿಯರ್ ಆಗಬಹುದು ಎನ್ನುವ ಮನೆ, ಅದೇ ಸಂಬಳದ, ಕೊಡಗಿನದೇ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಬೆಳೆದ ಹುಡುಗನ ಪ್ರೊಫೈಲ್ ತೆರೆಯುತ್ತದೆಯೇ? ತಾಣ ಈ ಪ್ರಶ್ನೆ ಕೇಳುವುದಿಲ್ಲ, ಏಕೆಂದರೆ ಅವನನ್ನು ಅದು ತೋರಿಸುವುದೇ ಇಲ್ಲ.

ಇನ್ನೊಂದು ವಿಚಿತ್ರ. ರೆಹತ್ ಮರ್ಯಾದಾ ಜಾತಿಯ ವಿಷಯದಲ್ಲಿ ತೆರೆದಿದೆ, ಧರ್ಮದ ವಿಷಯದಲ್ಲಿ ಬಿಗಿಯಾಗಿದೆ: ಸಿಖ್ಖರ ಮಗಳನ್ನು ಸಿಖ್ಖನಿಗೇ ಕೊಡಬೇಕು, ಆನಂದ್ ಕಾರಜ್, ಅಂದರೆ ಸಿಖ್ ಪದ್ಧತಿಯ ಮದುವೆ, ಸಿಖ್ಖರಿಬ್ಬರ ನಡುವೆಯೇ ನಡೆಯಬೇಕು. ಮನೆಗಳು ನಡೆದುಕೊಳ್ಳುವುದು ಹಲವೆಡೆ ಇದಕ್ಕೆ ಉಲ್ಟಾ.

ತಾಣ ಬಿಟ್ಟು ಬೇರೆ ದಾರಿ

ಚಂಡೀಗಢದ ಇಂಗ್ಲಿಷ್ ಪತ್ರಿಕೆಗಳ ಭಾನುವಾರದ ಅಂಕಣ ಇನ್ನೂ ಜೀವಂತ. ಜಾಹೀರಾತು ಶುರುವಾಗುವುದೇ ‘ಜಟ್ ಸಿಖ್’, ‘ಖತ್ರಿ ಸಿಖ್’, ‘ರಾಮ್‌ಗಢಿಯಾ ಸಿಖ್’ ಎಂಬ ಪದದಿಂದ. ಪದಕ್ಕಿಷ್ಟು ಎಂದು ದುಡ್ಡು ಕೊಡುವಾಗಲೂ ಅದನ್ನು ಮಾತ್ರ ಯಾರೂ ಉಳಿಸುವುದಿಲ್ಲ. ಪ್ರಾಮಾಣಿಕತೆಗೆ ಮೂರು ಅಂಕ, ಉಪಯೋಗಕ್ಕೆ ಒಂದು. ಮದುವೆ ಬ್ಯೂರೊಗಳಿಗೆ ಇನ್ನೂ ಕಡಿಮೆ. ಹಲವು ಬ್ಯೂರೊಗಳು ‘ಹೈ ಕ್ಲಾಸ್’ ಎಂಬ ಹೆಸರಲ್ಲಿ ಜಾತಿಯನ್ನೂ ಆಸ್ತಿಯನ್ನೂ ಒಟ್ಟಿಗೆ ಶೋಧಿಸುತ್ತವೆ, ಯಾವ ಕಾರಣಕ್ಕೆ ಬಿಟ್ಟರು ಎಂದು ನಿಮಗೆ ಗೊತ್ತಾಗುವುದೇ ಇಲ್ಲ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಸಮುದಾಯದ ಕಾರಣಕ್ಕೆ ನೀವು ಕಳಿಸದೆ ಉಳಿಸಿಕೊಳ್ಳುವ ಪ್ರೊಫೈಲ್‌ಗಳಿವೆಯೇ? ನೇರ ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಇದ್ದುದರಲ್ಲಿ ಉತ್ತಮ, ದೊಡ್ಡ ಊರುಗಳ ಗುರುದ್ವಾರದ ಪರಿಚಯ. ಕೊಡಗಿನವರಿಗೆ ಹತ್ತಿರದ ದೊಡ್ಡ ಗುರುದ್ವಾರ ಬೆಂಗಳೂರಿನ ಹಲಸೂರು ಕೆರೆ ಪಕ್ಕದ್ದು. ಭಾನುವಾರದ ಲಂಗರ್‌ನಲ್ಲಿ ತಲೆಗೆ ಬಟ್ಟೆ ಕಟ್ಟಿ ನೆಲದ ಮೇಲೆ ಸಾಲಾಗಿ ಕೂತು ದಾಲ್, ರೊಟ್ಟಿ ಉಣ್ಣುವಾಗ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ಆದರೆ ಅದೇ ಸಾಲಿನಲ್ಲಿ ಕೂತವರು ಮನೆಗೆ ಹೋಗಿ ಮಗಳಿಗೆ ವರ ಹುಡುಕುವಾಗ ಮೊಬೈಲಿನ ಪಟ್ಟಿ ತೆರೆಯುತ್ತಾರೆ. ಸಂಬಂಧದ ಮಾತಿಗೆ ಅಲ್ಲಿಯ ಹಿರಿಯರ ನೆರವು ಪಡೆಯಬಹುದು, ಊಟದ ಸಾಲನ್ನು ನೋಡಿ ಮದುವೆಯ ಬಗ್ಗೆ ತೀರ್ಮಾನಿಸಲು ಆಗದು.

ಕಾಗದಪತ್ರ

ಮಾತು ಕುದುರಿದ ಮೇಲೆ ತಾಣಗಳ ‘ಮದುವೆ ಸಹಾಯವಾಣಿ’ ಕೊಡುವ ಮಾಹಿತಿ ಅರೆಬರೆ. ಸರಿಯಾದದ್ದು ಹೀಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಸೆಕ್ಷನ್ ಸಿಖ್ಖರನ್ನೂ ಒಳಗೊಳ್ಳುತ್ತದೆ. 7ನೇ ಸೆಕ್ಷನ್ ಪ್ರಕಾರ ಎರಡು ಕಡೆಯಲ್ಲಿ ಯಾರದಾದರೂ ಒಬ್ಬರ ಪದ್ಧತಿಯಂತೆ ಮದುವೆಯಾದರೆ ಸಾಕು. ಆದ್ದರಿಂದ ಕೊಡವ ಪದ್ಧತಿಯಲ್ಲಿ, ಪುರೋಹಿತರಿಲ್ಲದೆ, ಹಿರಿಯರ ಸಮ್ಮುಖದಲ್ಲಿ ಆದ ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. 1909ರ ಆನಂದ್ ವಿವಾಹ ಕಾಯ್ದೆ ಮತ್ತು 2012ರಲ್ಲಿ ಅದಕ್ಕೆ ಸೇರಿಸಿದ ನೋಂದಣಿಯ ಅವಕಾಶ ಸಿಖ್ ಪದ್ಧತಿಯ ಮದುವೆಗಳಿಗೆ. ಕ್ರೈಸ್ತ, ಮುಸ್ಲಿಂ ಮನೆಯವರಾದರೆ 1954ರ ವಿಶೇಷ ವಿವಾಹ ಕಾಯ್ದೆ: ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ನೋಟಿಸ್ ಕೊಟ್ಟ 3 ತಿಂಗಳೊಳಗೆ ಮದುವೆ ಮುಗಿಯಬೇಕು. ಜಾತಿಯ ಕಾರಣಕ್ಕೆ ಮನೆಯವರ ವಿರೋಧ ಇರುವಲ್ಲಿ ಗೋಡೆಗೆ ಅಂಟಿಸುವ ಆ 30 ದಿನಗಳ ನೋಟಿಸೇ ಅಪಾಯ.

ಆನಂದ್ ಕಾರಜನ್ನು ಮಡಿಕೇರಿಯ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಮಾಡೋಣ ಎಂಬ ಯೋಚನೆ ಇದ್ದರೆ ಬಿಡಿ. ಗುರು ಗ್ರಂಥ ಸಾಹಿಬನ್ನು ರೆಸಾರ್ಟ್, ಕಡಲತೀರಗಳಿಗೆ ಒಯ್ದು ಮದುವೆ ಮಾಡುವುದನ್ನು ಅಕಾಲ್ ತಖ್ತ್ ಒಪ್ಪುವುದಿಲ್ಲ. ಗುರುದ್ವಾರದವರು ಒಪ್ಪಿದರೆ ಅಲ್ಲೇ ನಾಲ್ಕು ಲಾವಾಂ, ಅಂದರೆ ಗ್ರಂಥದ ಸುತ್ತ ಪ್ರದಕ್ಷಿಣೆ, ಮುಗಿಸಿ, ಆರತಕ್ಷತೆ, ಪಂದಿಕರಿ, ಮದ್ಯ ಎಲ್ಲವನ್ನೂ ಕೊಡಗಿಗೆ ಇಟ್ಟುಕೊಳ್ಳಿ.

ಪರಿಶಿಷ್ಟ ಜಾತಿಯ ಸಿಖ್ ಸಂಗಾತಿಯ ವಿಷಯದಲ್ಲಿ ತಾಣದ ಏಜೆಂಟರು ಹೆಚ್ಚು ತಪ್ಪು ಹೇಳುತ್ತಾರೆ. ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದ 1950ರ ಆದೇಶದಲ್ಲಿ ಸಿಖ್ಖರ ಪೈಕಿ ಮಜ್ಹಬಿ, ರಾಮದಾಸಿ, ಕಬೀರಪಂಥಿ, ಸಿಕ್ಲಿಗರ್ ಎಂಬ ನಾಲ್ಕೇ ಜಾತಿಗಳಿದ್ದವು. 1956ರಲ್ಲಿ ಉಳಿದ ದಲಿತ ಸಿಖ್ಖರಿಗೂ ವಿಸ್ತರಣೆಯಾಯಿತು. ಜಾತಿಯಿಲ್ಲದ ಧರ್ಮ ಎನ್ನುತ್ತಲೇ ಈ ಹಕ್ಕಿಗಾಗಿ ಹೋರಾಡಿದವರು ಸಿಖ್ ನಾಯಕರೇ, ಮತ್ತು ಅದು ಸರಿಯಾದ ಹೋರಾಟವೇ ಆಗಿತ್ತು. ಮದುವೆಯಿಂದ ಪರಿಶಿಷ್ಟ ಜಾತಿಯ ಸ್ಥಾನಮಾನ ಬರುವುದಿಲ್ಲ. ಪಂಜಾಬಿನ ಪ್ರಮಾಣಪತ್ರ ತಂದು ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಮೀಸಲಾತಿ ಕೇಳಲು ಆಗದು, ಪಟ್ಟಿ ರಾಜ್ಯವಾರು ಇದೆ. ಅಂದಹಾಗೆ ನಮ್ಮಲ್ಲಿ ಒಳಮೀಸಲಾತಿಗೆ ದಾರಿ ತೆರೆದ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಪಂಜಾಬಿನ ಪ್ರಕರಣದಲ್ಲಿ. ಮಜ್ಹಬಿ ಸಿಖ್ಖರಿಗೂ ಪಂಜಾಬಿನ ವಾಲ್ಮೀಕಿ ಎಂಬ ಪರಿಶಿಷ್ಟ ಜಾತಿಗೂ (ನಮ್ಮ ಎಸ್‌ಟಿ ವಾಲ್ಮೀಕಿಗಳಲ್ಲ) ಪರಿಶಿಷ್ಟರ ಪಾಲಿನಲ್ಲಿ ಆದ್ಯತೆ ಕೊಡಬಹುದೇ ಎಂಬುದು ಅಲ್ಲಿನ ವ್ಯಾಜ್ಯ.

ಖಾತೆ ಮುಚ್ಚುವಾಗ

ಪ್ಯಾಕ್ ಕೊಳ್ಳುವಾಗ ಯುಪಿಐ ಆಟೊಪೇಗೆ ಒಪ್ಪಿಗೆ ಕೊಟ್ಟಿದ್ದರೆ, ವಧೂವರ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಪಾವತಿ ಆ್ಯಪಿನ ಆಟೊಪೇ ಪಟ್ಟಿಗೆ ಹೋಗಿ ರದ್ದು ಮಾಡಿ. ಪ್ರೊಫೈಲ್ ‘ಮರೆಮಾಡು’ ಬೇರೆ, ‘ಅಳಿಸು’ ಬೇರೆ. ಮೊದಲನೆಯದರಲ್ಲಿ ಮಾಹಿತಿಯೆಲ್ಲ ಅಲ್ಲೇ ಇರುತ್ತದೆ. 2019ರ ದತ್ತಾಂಶ ಮಸೂದೆಯಲ್ಲಿ ಜಾತಿಯನ್ನು ಸೂಕ್ಷ್ಮ ಮಾಹಿತಿ ಎಂದು ಪ್ರತ್ಯೇಕವಾಗಿ ಗುರುತಿಸಿದ್ದರು, 2023ರಲ್ಲಿ ಕಾಯ್ದೆಯಾಗಿ ಬಂದಾಗ ಆ ವರ್ಗವೇ ಇರಲಿಲ್ಲ. ಹಾಗಾಗಿ ಈ ಕ್ರಮದಲ್ಲಿ ಮಾಡಿ: ಜಾತಿಯ ಅಂಕಣವನ್ನು ‘ಇತರೆ’ಗೆ ಬದಲಿಸಿ, ಗೋತ್ರ ಮತ್ತು ಪರಿಚಯದ ಪ್ಯಾರಾ ಖಾಲಿ ಮಾಡಿ, ಫೋಟೊ ತೆಗೆದು ಸೇವ್ ಮಾಡಿ. ಆಮೇಲೆ ಖಾತೆ ಅಳಿಸಿ, ಮಾಹಿತಿಯನ್ನು ಅಳಿಸಿದ್ದೇವೆ ಎಂಬ ಉತ್ತರವನ್ನು ಇಮೇಲಿನಲ್ಲಿ ಕೇಳಿ ಪಡೆಯಿರಿ.